ಕೆರೆಯ ಕೆಸರಿನ ಲೆಕ್ಕ

ಕಳೆದ ಬೇಸಗೆಯಲ್ಲಿ ನನ್ನ ತಂಗಿಯ ಊರಿಗೆ ಹೋಗಿದ್ದಾಗ ನಡೆದ ಒಂದು ಸಣ್ಣ ಸಂಗತಿಯಿಂದಲೇ ಈ ತಿಂಗಳ ಲೇಖನವನ್ನು ಆರಂಭಿಸುವೆನು. ಅವಳ ಊರು ತುಮಕೂರಿನ ಕಡೆಯ ಬಯಲುಸೀಮೆಯದು. ಊರ ಮುಂದೆ ಹಳೆಯ ಕಾಲದ ಒಂದು ಕೆರೆಯುಂಟು. ನನ್ನ ಸೋದರಳಿಯನು ರಜೆಯ ದಿನಗಳಲ್ಲಿ ಜೊತೆಯ ಹುಡುಗರೊಡನೆ ಏಡಿ ಹಿಡಿಯುವುದಕ್ಕೆಂದು ಆ ಕೆರೆಯ ಕೆಸರಿಗಿಳಿದು, ಮಧ್ಯಾಹ್ನದ ಊಟದ ಹೊತ್ತಿಗೆ ಸೊಂಟದವರೆಗೂ ಕಪ್ಪು ಕೆಸರನ್ನು ಮೆತ್ತಿಕೊಂಡು ಹಿತ್ತಿಲ ಬಾಗಿಲಿನಿಂದ ಮೆಲ್ಲನೆ ಬಂದನು. ಬಂದವನಿಗೆ ಸ್ನಾನ ಮಾಡಿಸುವಾಗ ತಂಗಿಯು ಕೂಗಿಕೊಂಡಳು. ಅವನ ಸೊಂಟದಲ್ಲಿದ್ದ ಬೆಳ್ಳಿಯ ಉಡಿದಾರವು ಇದ್ದಲಿನಂತೆ ಕಪ್ಪಾಗಿ ಹೋಗಿತ್ತು.

“ಅಣ್ಣ, ಇದು ಬೆಳ್ಳಿಯೇ ಅಲ್ಲವೇನೋ! ಆ ಚಿನಿವಾರ ನಮಗೆ ಮೋಸ ಮಾಡಿದ್ದಾನೆ” ಎಂದು ಅವಳು ಬಹಳ ನೊಂದುಕೊಂಡಳು.

ಚಿನಿವಾರನ ತಪ್ಪು ಅದರಲ್ಲಿ ಏನೂ ಇರಲಿಲ್ಲ. ಉಡಿದಾರವು ಒಳ್ಳೆಯ ಬೆಳ್ಳಿಯಾಗಿದ್ದುದರಿಂದಲೇ ಕಪ್ಪಾಗಿತ್ತು. ಹುಡುಗನ ಮೈಯಿಂದ ಬರುತ್ತಿದ್ದ ಕೊಳೆತ ಮೊಟ್ಟೆಯ ವಾಸನೆಯನ್ನೂ ಉಡಿದಾರದ ಬಣ್ಣವನ್ನೂ ಒಟ್ಟಿಗೆ ಇಟ್ಟು ನೋಡಿದರೆ, ಆ ಕೆರೆಯ ಅಡಿಯಲ್ಲಿ ಏನು ನಡೆಯುತ್ತಿದೆಯೆಂಬುದನ್ನು ಊಟದ ಎಲೆಯ ಮುಂದೆ ಕುಳಿತೇ ಹೇಳಬಹುದಾಗಿತ್ತು. ಅಂದು ಮನೆಯವರಿಗೆ ಹೇಳಿದುದನ್ನೇ ವಾಚಕರ ಮುಂದೆಯೂ ಇಡುವೆನು. ನಮ್ಮ ನಾಡಿನ ಊರೂರಿನಲ್ಲಿಯೂ ಈಗ ಕೆರೆಯ ಹೂಳೆತ್ತುವ ಮಾತು ನಡೆಯುತ್ತಿರುವುದರಿಂದ, ಇದು ಬರಿಯ ಕುತೂಹಲದ ವಿಷಯವಲ್ಲ.

ಮೊದಲು ಒಂದು ಲೆಕ್ಕವನ್ನು ಗಮನಿಸಬೇಕು. ನಾವು ಉಸಿರಾಡುವ ಒಂದು ಲೀಟರು ಗಾಳಿಯಲ್ಲಿ ಸುಮಾರು ೨೭೦ ಮಿಲಿಗ್ರಾಮು ಆಮ್ಲಜನಕವಿರುವುದು. ನಮ್ಮ ಸೀಮೆಯ ಬೆಚ್ಚನೆಯ ಕೆರೆಯ ಒಂದು ಲೀಟರು ನೀರಿನಲ್ಲಾದರೋ, ಗಾಳಿಯಿಂದ ಎಷ್ಟು ಕರಗಬಹುದೋ ಅಷ್ಟೂ ಕರಗಿದರೂ, ೮ ಮಿಲಿಗ್ರಾಮಿನಷ್ಟು ಮಾತ್ರ. ಇಷ್ಟೇ ಅಲ್ಲದೆ, ನಿಶ್ಚಲವಾದ ನೀರಿನಲ್ಲಿ ಆಮ್ಲಜನಕವು ಒಂದೆಡೆಯಿಂದ ಇನ್ನೊಂದೆಡೆಗೆ ಹರಡುವ ವೇಗವು ಗಾಳಿಯಲ್ಲಿ ಹರಡುವುದಕ್ಕಿಂತ ಸುಮಾರು ಹತ್ತು ಸಾವಿರ ಪಾಲು ಕಡಿಮೆ. ಹೊಲದ ಮಣ್ಣಿನ ಸಂದುಗಳಲ್ಲಿ ಗಾಳಿಯಿರುವುದು; ಕೆರೆಯಂಗಳದ ಮಣ್ಣಿನ ಸಂದುಗಳಲ್ಲಿ ನೀರು ತುಂಬಿರುವುದು. ಹೊಲಕ್ಕೂ ಕೆರೆಗೂ ಇರುವ ಭೇದವೆಲ್ಲವೂ ಈ ಒಂದು ಮಾತಿನಿಂದಲೇ ಹುಟ್ಟುವುದು.

ಕೆಸರಿನಲ್ಲಿ ಲೆಕ್ಕವಿಲ್ಲದಷ್ಟು ಅಣುಜೀವಿಗಳಿರುವುವು. ಮೇಲಿನಿಂದ ಉದುರಿಬಂದ ಎಲೆ, ಸತ್ತ ಪಾಚಿ, ಸಗಣಿ, ಮನೆಯ ಚರಂಡಿಯಿಂದ ಬಂದ ಅನ್ನದ ಗಂಜಿ ಇವೆಲ್ಲವೂ ಅವುಗಳಿಗೆ ಆಹಾರ. ಆಹಾರವಿದ್ದ ಮೇಲೆ ಉಸಿರಾಟವೂ ಬೇಕಷ್ಟೆ. ಮೇಲಿನ ನೀರಿನಿಂದ ಇಳಿದುಬರುವ ಸ್ವಲ್ಪ ಆಮ್ಲಜನಕವನ್ನು ಕೆಸರಿನ ಮೇಲ್ಪದರದ ಅಣುಜೀವಿಗಳೇ ಮುಗಿಸಿಬಿಡುವುವು. ಆದುದರಿಂದ ಆಮ್ಲಜನಕವು ಕೆಲವು ಕೂದಲೆಳೆಗಳ ದಪ್ಪದಿಂದ ಒಂದೆರಡು ರಾಗಿಯ ಕಾಳಿನ ದಪ್ಪದವರೆಗೆ ಮಾತ್ರ ಇಳಿಯಬಲ್ಲುದು. ಕೆರೆಯಂಚಿನ ಕೆಸರನ್ನು ಕೋಲಿನಿಂದ ಮೆಲ್ಲನೆ ಕೆದಕಿ ನೋಡಿದವರಿಗೆ ಇದು ತಿಳಿದೇ ಇರುವುದು: ಮೇಲೆ ತೆಳ್ಳನೆಯ ಕಂದು ಬಣ್ಣದ ಕೆನೆ, ಅದರ ಕೆಳಗೆ ಬೂದುಬಣ್ಣ, ಇನ್ನೂ ಕೆಳಗೆ ಕಪ್ಪು.

ಆಮ್ಲಜನಕವು ಮುಗಿದ ಕೂಡಲೆ ಕೆಸರಿನ ಸಂಸಾರವು ನಿಂತುಹೋಗುವುದೆಂದು ತಿಳಿಯಬಾರದು. ಉಸಿರಾಟವೆಂದರೆ, ಆಹಾರದಿಂದ ಬಿಡುಗಡೆಯಾದ ಎಲೆಕ್ಟ್ರಾನುಗಳನ್ನು ಬೇರೊಂದು ಪದಾರ್ಥಕ್ಕೆ ಒಪ್ಪಿಸಿ, ಆ ವ್ಯವಹಾರದಲ್ಲಿ ಶಕ್ತಿಯನ್ನು ಗಳಿಸುವುದು. ನಾವು ಅವುಗಳನ್ನು ಆಮ್ಲಜನಕಕ್ಕೆ ಒಪ್ಪಿಸುವೆವು. ಕೆಸರಿನ ಅಣುಜೀವಿಗಳಲ್ಲಿ ಬೇರೆ ಬೇರೆ ಪದಾರ್ಥಗಳಿಗೆ ಒಪ್ಪಿಸಬಲ್ಲ ಬೇರೆ ಬೇರೆ ಪಂಗಡಗಳುಂಟು. ಕಣಜದಲ್ಲಿ ಭತ್ತವು ಮುಗಿದರೆ ರಾಗಿ, ರಾಗಿಯು ಮುಗಿದರೆ ಸಾಮೆ, ಸಾಮೆಯೂ ಇಲ್ಲದಿದ್ದರೆ ಗೆಡ್ಡೆಗೆಣಸು ಎಂದು ಬರಗಾಲದಲ್ಲಿ ಮನೆಯೊಡತಿಯು ದಿನ ಕಳೆಯುವಂತೆ, ಕೆಸರಿನಲ್ಲಿಯೂ ಒಂದು ಕ್ರಮವಿರುವುದು. ಆಮ್ಲಜನಕದ ತರುವಾಯ ನೈಟ್ರೇಟು, ಅದರ ತರುವಾಯ ಮ್ಯಾಂಗನೀಸು, ಬಳಿಕ ಕಬ್ಬಿಣದ ತುಕ್ಕು, ಬಳಿಕ ಗಂಧಕದ ಉಪ್ಪಾದ ಸಲ್ಫೇಟು, ಕಟ್ಟಕಡೆಗೆ ಇಂಗಾಲಾಮ್ಲ. ಒಂದೊಂದು ಮೆಟ್ಟಿಲು ಇಳಿದಂತೆಲ್ಲ ದೊರಕುವ ಶಕ್ತಿಯು ಕಡಿಮೆಯಾಗುವುದು. ಪ್ರತಿಯೊಂದು ಮೆಟ್ಟಿಲೂ ತನ್ನದೇ ಆದ ಗುರುತನ್ನು, ಬಣ್ಣದಿಂದಲೋ ವಾಸನೆಯಿಂದಲೋ ಗುಳ್ಳೆಯಿಂದಲೋ, ಬಿಟ್ಟುಹೋಗುವುದು. ಆ ಗುರುತುಗಳನ್ನು ಓದಲು ಬಲ್ಲವನಿಗೆ ಕೆರೆಯು ತನ್ನ ಆರೋಗ್ಯವನ್ನು ತಾನೇ ಹೇಳುವುದು.

ಮೊದಲನೆಯ ಮೆಟ್ಟಿಲಾದ ನೈಟ್ರೇಟನ್ನು ನೋಡೋಣ. ಗೊಬ್ಬರದ ಹೊಲಗಳಿಂದಲೂ ಬಚ್ಚಲು ಕಕ್ಕಸುಗಳಿಂದಲೂ ಸಾರಜನಕದ ಉಪ್ಪುಗಳು ನೀರಿಗೆ ಸೇರುವುವು. ಕುಡಿಯುವ ನೀರಿನಲ್ಲಿ ನೈಟ್ರೇಟು ಲೀಟರಿಗೆ ೪೫ ಮಿಲಿಗ್ರಾಮನ್ನು ಮೀರಬಾರದೆಂದು ನಮ್ಮ ದೇಶದ ನಿಯಮವಿರುವುದು; ಮೀರಿದ ನೀರಿನಲ್ಲಿ ಹಾಲಿನ ಪುಡಿಯನ್ನು ಕಲಸಿ ಎಳೆಯ ಕೂಸುಗಳಿಗೆ ಕುಡಿಸಿದರೆ ಅವುಗಳ ರಕ್ತವು ಆಮ್ಲಜನಕವನ್ನು ಹೊರಲಾರದಂತಾಗಿ ಮೈ ನೀಲಿಗಟ್ಟುವ ಅಪಾಯವುಂಟು. ನೀರನ್ನು ಕುದಿಸುವುದರಿಂದ ನೈಟ್ರೇಟು ಹೋಗದು. ನೀರು ಆವಿಯಾದಷ್ಟೂ ಅದು ಗಟ್ಟಿಯಾಗುವುದು. ಇಂತಹ ನೈಟ್ರೇಟನ್ನು ಕೆರೆಯ ಕೆಸರಿನ ಅಣುಜೀವಿಗಳು ಉಸಿರಾಟಕ್ಕೆ ಬಳಸಿಕೊಂಡು, ನಿರಪಾಯವಾದ ಸಾರಜನಕ ವಾಯುವನ್ನಾಗಿ ಮಾಡಿ ಆಕಾಶಕ್ಕೆ ಬಿಟ್ಟುಬಿಡುವುವು. ಆದರೆ ಇದರಲ್ಲಿ ಒಂದು ಸೂಕ್ಷ್ಮವಿದೆ. ಚರಂಡಿಯಿಂದ ಬರುವ ಸಾರಜನಕವು ಹೆಚ್ಚಾಗಿ ಅಮೋನಿಯದ ರೂಪದಲ್ಲಿರುವುದು. ಅದು ನೈಟ್ರೇಟಾಗುವುದಕ್ಕೆ ಆಮ್ಲಜನಕವಿರುವ ಎಡೆ ಬೇಕು. ನೈಟ್ರೇಟು ವಾಯುವಾಗುವುದಕ್ಕೆ ಆಮ್ಲಜನಕವಿಲ್ಲದ ಎಡೆ ಬೇಕು. ಈ ಎರಡು ಎಡೆಗಳೂ ಒಂದರ ಪಕ್ಕದಲ್ಲಿ ಒಂದು, ಬೆರಳಗಲದ ಒಳಗೆ, ಇರುವ ಸ್ಥಳವೆಂದರೆ ಆಳವಿಲ್ಲದ ಕೆರೆಯಂಚಿನ ಜೌಗು ನೆಲವೇ.

ಈ ಎರಡು ಎಡೆಗಳನ್ನು ಹೊಂದಿಸಿಕೊಡುವುದರಲ್ಲಿ ಜೊಂಡಿನ ಪಾತ್ರವು ದೊಡ್ಡದು. ಜೊಂಡಿನ ಎಲೆಯನ್ನು ಅಡ್ಡಲಾಗಿ ಕೊಯ್ದು ನೋಡಿರಿ. ಒಳಗೆ ಜೇನುಹುಟ್ಟಿನಂತೆ ಗಾಳಿಯ ಗೂಡುಗಳು ಕಾಣುವುವು. ತಾವರೆಯ ದಂಟಿನಲ್ಲಿಯೂ ಗದ್ದೆಯ ಭತ್ತದ ಬೇರಿನಲ್ಲಿಯೂ ಇಂತಹವೇ ನಾಳಗಳುಂಟು. ಮೇಲಿನ ಗಾಳಿಯು ಈ ನಾಳಗಳ ಮೂಲಕ ಬೇರಿಗಿಳಿದು, ಬೇರಿನಿಂದ ಸ್ವಲ್ಪಸ್ವಲ್ಪವಾಗಿ ಕೆಸರಿಗೆ ಸೋರುವುದು. ಹೀಗೆ ಉಸಿರಿಲ್ಲದ ಕೆಸರಿನ ನಡುವೆ ಪ್ರತಿಯೊಂದು ಬೇರಿನ ಸುತ್ತಲೂ ಉಸಿರಿರುವ ಒಂದು ತೆಳುವಾದ ಕವಚವು ಏರ್ಪಡುವುದು. ಭತ್ತದ ಪೈರನ್ನು ಕಿತ್ತಾಗ ಬೇರುಗಳ ಮೇಲೆ ಕಾಣುವ ಕೆಂಪು ಲೇಪವು ಇದರ ಸಾಕ್ಷಿ. ಅದು ಬೇರೇನೂ ಅಲ್ಲ, ಕಬ್ಬಿಣದ ತುಕ್ಕು.

ಕಬ್ಬಿಣದ ಮಾತು ಬಂದುದರಿಂದ ಅದನ್ನೇ ಮುಂದುವರಿಸುವೆನು. ಕಬ್ಬಿಣಕ್ಕೆ ಎರಡು ಅವಸ್ಥೆಗಳುಂಟು. ಗಾಳಿಯ ಸಹವಾಸದಲ್ಲಿ ಅದು ನೀರಿನಲ್ಲಿ ಕರಗದ ಕೆಂಪು ತುಕ್ಕಾಗಿರುವುದು. ನಮ್ಮ ಕೆಂಪು ಮಣ್ಣಿನ ಬಣ್ಣವೆಲ್ಲ ಇದರದೇ. ಗಾಳಿಯಿಲ್ಲದೆಡೆಯಲ್ಲಿ ಅಣುಜೀವಿಗಳು ತುಕ್ಕನ್ನೇ ಉಸಿರಾಟಕ್ಕೆ ಬಳಸಿದಾಗ ಅದು ನೀರಿನಲ್ಲಿ ಕರಗಿಹೋಗುವುದು. ಮಣ್ಣು ಬಣ್ಣಗೆಟ್ಟು ಬೂದಿಯಂತಾಗುವುದು. ಇದನ್ನು ಅನೇಕ ಗೃಹಿಣಿಯರು ಅಡಿಗೆಮನೆಯಲ್ಲಿಯೇ ಕಂಡಿರುವರು. ಕೆಲವು ಕೊಳವೆಬಾವಿಗಳ ನೀರನ್ನು ಹಿಡಿದಾಗ ಸ್ಫಟಿಕದಂತೆ ತಿಳಿಯಾಗಿರುವುದು. ಕೊಡದಲ್ಲಿ ಒಂದು ರಾತ್ರಿ ಇಟ್ಟರೆ ಬೆಳಗಿನ ಹೊತ್ತಿಗೆ ಕೆಂಪು ಗಸಿಯು ತಳದಲ್ಲಿ ಕೂಡುವುದು. ನೆಲದೊಳಗೆ ಉಸಿರಿಲ್ಲದೆ ಕರಗಿದ್ದ ಕಬ್ಬಿಣವು ನಿಮ್ಮ ಮನೆಯ ಗಾಳಿಯನ್ನು ಕಂಡು ಮತ್ತೆ ತುಕ್ಕಾಯಿತೆಂದು ಇದರ ಅರ್ಥ.

ಜೌಗಿನ ನೀರಿನ ಮೇಲೆ ಒಮ್ಮೊಮ್ಮೆ ಕಾಮನಬಿಲ್ಲಿನ ಬಣ್ಣದ ಪೊರೆಯೊಂದು ತೇಲುವುದುಂಟು. ಯಾರೋ ಎಣ್ಣೆಯನ್ನು ಚೆಲ್ಲಿದರೆಂದು ಜನರು ಬಯ್ಯುವರು. ಒಂದು ಕಡ್ಡಿಯಿಂದ ಅದನ್ನು ಕಲಕಿರಿ. ಪೊರೆಯು ಗಾಜಿನ ಚೂರುಗಳಂತೆ ಒಡೆದು ಹಾಗೆಯೇ ನಿಂತರೆ ಅದು ಕಬ್ಬಿಣದ ಪೊರೆ, ಅದರಿಂದ ಅಪಾಯವಿಲ್ಲ. ಕಡ್ಡಿಯ ಹಿಂದೆಯೇ ಹರಿದುಬಂದು ಮತ್ತೆ ಕೂಡಿಕೊಂಡರೆ ಅದು ಎಣ್ಣೆ. ಈ ಪರೀಕ್ಷೆಗೆ ಕಾಸಿನ ಖರ್ಚೂ ಇಲ್ಲ.

ಇನ್ನು ಈ ಲೇಖನದ ಮುಖ್ಯವಾದ ಪಾತ್ರಕ್ಕೆ ಬರುವೆನು. ಅದು ರಂಜಕ. ಸಾರಜನಕಕ್ಕೆ ಆಕಾಶದ ಬಾಗಿಲು ಇರುವಂತೆ ರಂಜಕಕ್ಕೆ ಇಲ್ಲ. ಕೆರೆಯೊಳಗೆ ಬಂದ ರಂಜಕವು, ಕೋಡಿ ಬಿದ್ದು ಹರಿದುಹೋದರೆ ಅಥವಾ ಯಾರಾದರೂ ಹೊತ್ತು ಹೊರಗೆ ಹಾಕಿದರೆ ಮಾತ್ರ ಹೊರಹೋಗುವುದು. ಇಲ್ಲದಿದ್ದರೆ ಅಲ್ಲಿಯೇ ಉಳಿಯುವುದು. ಸ್ವಚ್ಛವಾದ ಕೆರೆಯಲ್ಲಿ ಕಬ್ಬಿಣದ ತುಕ್ಕು ಇದನ್ನು ಬಿಗಿಯಾಗಿ ಹಿಡಿದುಕೊಂಡು ಕೆಸರಿನಲ್ಲಿ ಕೂಡಿಹಾಕಿರುವುದು. ಆದರೆ ಕೆಸರಿನ ಮೇಲಿನ ಕಂದು ಕೆನೆಯು ಅಳಿದು, ಆಮ್ಲಜನಕವಿಲ್ಲದ ಸ್ಥಿತಿಯು ನೀರಿನವರೆಗೂ ಏರಿತೆನ್ನಿರಿ. ಆಗ ತುಕ್ಕು ಕರಗುವುದು. ತುಕ್ಕಿನ ಮುಷ್ಟಿಯು ಸಡಿಲಿ ರಂಜಕವು ನೀರಿಗೆ ಬಿಡುಗಡೆಯಾಗುವುದು. ಇಂಗ್ಲೆಂಡಿನ ಸರೋವರಗಳ ಕೆಸರನ್ನು ಪರೀಕ್ಷಿಸಿ ಮಾರ್ಟಿಮರ್ ಎಂಬ ವಿಜ್ಞಾನಿಯು ೧೯೪೧ ಮತ್ತು ೧೯೪೨ರಲ್ಲಿ ಈ ವಿಷಯವನ್ನು ವಿಸ್ತಾರವಾಗಿ ಪ್ರಕಟಿಸಿದನು.

ನೀರಿಗೆ ರಂಜಕವು ಸೇರಿದರೆ ಆಗುವುದೇನು? ಕೆನಡಾ ದೇಶದ ಒಂಟೇರಿಯೊ ಪ್ರಾಂತದಲ್ಲಿ ಡೇವಿಡ್ ಷಿಂಡ್ಲರ್ ಮತ್ತು ಸಂಗಡಿಗರು ೧೯೭೩ರಲ್ಲಿ ಒಂದು ಸರೋವರವನ್ನು ನಡುವೆ ಪರದೆ ಕಟ್ಟಿ ಎರಡು ಪಾಲು ಮಾಡಿದರು. ಎರಡು ಪಾಲಿಗೂ ಇಂಗಾಲವನ್ನೂ ಸಾರಜನಕವನ್ನೂ ಹಾಕಿದರು. ಒಂದು ಪಾಲಿಗೆ ಮಾತ್ರ ರಂಜಕವನ್ನೂ ಸೇರಿಸಿದರು. ರಂಜಕ ಬಿದ್ದ ಪಾಲು ಪಾಚಿಯಿಂದ ಹಸುರಾಗಿ ಹೋಯಿತು; ಇನ್ನೊಂದು ಪಾಲು ತಿಳಿಯಾಗಿಯೇ ಉಳಿಯಿತು. ಆಕಾಶದಿಂದ ತೆಗೆದ ಅದರ ಚಿತ್ರವನ್ನು ನೋಡಿದ ಮೇಲೆ ವಾದಕ್ಕೆ ಹೆಚ್ಚು ಎಡೆಯುಳಿಯಲಿಲ್ಲ.

ಪಾಚಿಯು ಹೆಚ್ಚಾದ ಕೆರೆಯ ದಿನಚರಿಯು ವಿಚಿತ್ರವಾದುದು. ಹಗಲಿನಲ್ಲಿ ಪಾಚಿಯು ನೀರಿನೊಳಗಿನ ಇಂಗಾಲಾಮ್ಲವನ್ನು ಹೀರಿ ಆಮ್ಲಜನಕವನ್ನು ಬಿಡುವುದು, ನೀರು ಕ್ಷಾರವಾಗುವುದು, ಆ ಕ್ಷಾರದಲ್ಲಿ ಅಮೋನಿಯವು ಮೀನಿಗೆ ವಿಷವಾದ ರೂಪವನ್ನು ತಾಳುವುದು. ರಾತ್ರಿಯಲ್ಲಿ ಅದೇ ಪಾಚಿಯು ಆಮ್ಲಜನಕವನ್ನು ಉಂಡು ಮುಗಿಸುವುದು. ಬೆಳಗಿನ ಜಾವದಲ್ಲಿ ಮೀನುಗಳು ಬಾಯಿ ತೆರೆದುಕೊಂಡು ನೀರಿನ ಮೇಲಕ್ಕೆ ಬರುವುದನ್ನು ಕಂಡರೆ ಆ ಕೆರೆಯ ಉಸಿರು ಕಟ್ಟುತ್ತಿದೆಯೆಂದು ತಿಳಿಯಬೇಕು. ೨೦೧೬ರ ಮಾರ್ಚಿಯಲ್ಲಿ ಬೆಂಗಳೂರಿನ ಹಲಸೂರು ಕೆರೆಯಲ್ಲಿ ಸಾವಿರಾರು ಮೀನುಗಳು ಸತ್ತು ತೇಲಿದುದನ್ನು ವಾಚಕರಲ್ಲಿ ಹಲವರು ನೆನೆಯಬಹುದು.

ಕಬ್ಬಿಣದ ಕೆಳಗಿನ ಮೆಟ್ಟಿಲು ಗಂಧಕದ್ದು. ಸಲ್ಫೇಟನ್ನು ಉಸಿರಾಡುವ ಅಣುಜೀವಿಗಳು ಜಲಜನಕದ ಸಲ್ಫೈಡೆಂಬ ವಾಯುವನ್ನು ಬಿಡುವುವು. ಕೊಳೆತ ಮೊಟ್ಟೆಯ ವಾಸನೆಯು ಇದರದೇ. ಇದು ಕಬ್ಬಿಣದೊಡನೆ ಸೇರಿದರೆ ಕೆಸರು ಕಪ್ಪಾಗುವುದು. ಬೆಳ್ಳಿಯೊಡನೆ ಸೇರಿದರೆ ಉಡಿದಾರವು ಕಪ್ಪಾಗುವುದು. ಸಿಹಿನೀರಿನ ಕೆರೆಯಲ್ಲಿ ಸಲ್ಫೇಟು ಸ್ವಭಾವವಾಗಿ ಸ್ವಲ್ಪವೇ ಇರುವುದು. ನನ್ನ ತಂಗಿಯ ಊರಿನ ಕೆರೆಗೆ ಅದು ಇಷ್ಟೊಂದು ಎಲ್ಲಿಂದ ಬಂದಿತು? ಊರು ಬೆಳೆದು ಚರಂಡಿಯ ಬಾಯಿಯು ಕೆರೆಗೆ ತೆರೆದಿರುವುದೇ ಕಾರಣವೆಂದು ನನ್ನ ಊಹೆ. ಬಟ್ಟೆ ಒಗೆಯುವ ಪುಡಿಗಳಲ್ಲಿ ತೂಕಕ್ಕಾಗಿ ಸೇರಿಸುವ ಪದಾರ್ಥಗಳಲ್ಲಿ ಸೋಡಿಯಮ್ ಸಲ್ಫೇಟು ಮುಖ್ಯವಾದುದು. ಮಲಮೂತ್ರಗಳಿಂದಲೂ ಗಂಧಕವು ಬರುವುದು. ನಮ್ಮ ಬಚ್ಚಲಿನಿಂದ ಹೊರಟದ್ದು ಮಗುವಿನ ಸೊಂಟಕ್ಕೆ ಸುತ್ತಿಕೊಂಡು ಮನೆಗೆ ಹಿಂದಿರುಗಿತ್ತು.

ಕಟ್ಟಕಡೆಯ ಮೆಟ್ಟಿಲಿನಲ್ಲಿ ಹುಟ್ಟುವುದು ಮೀಥೇನ್ ವಾಯು. ೧೭೭೬ರಲ್ಲಿ ಇಟಲಿಯ ವೋಲ್ಟಾ ಎಂಬ ಪಂಡಿತನು ಮಜ್ಜೋರೆ ಸರೋವರದ ಅಂಚಿನ ಕೆಸರನ್ನು ಕೋಲಿನಿಂದ ಕಲಕಿ, ಮೇಲೆದ್ದ ಗುಳ್ಳೆಗಳನ್ನು ಸೀಸೆಯಲ್ಲಿ ಹಿಡಿದು, ಅದು ಉರಿಯುವುದೆಂದು ತೋರಿಸಿದನು. ಗಾಳಿಯನ್ನು ಸೇರಿದ ಮೀಥೇನು ಭೂಮಿಯ ಶಾಖವನ್ನು ಇಂಗಾಲಾಮ್ಲಕ್ಕಿಂತ ಬಲವಾಗಿ ತಡೆದಿಡುವುದು. ಆದುದರಿಂದ ಕೊಳಚೆಯನ್ನುಂಡು ಗುಳ್ಳೆಯೇಳುವ ಕೆರೆಯು ತನ್ನ ಊರಿಗೆ ಮಾತ್ರವೇ ಕೇಡಲ್ಲ.

ಈ ಎಲ್ಲ ಮೆಟ್ಟಿಲುಗಳನ್ನೂ ಒಂದೇ ಕೆರೆಯು ಇಳಿದುಹೋದರೆ ಹೇಗಿರುವುದೆಂಬುದನ್ನು ಬೆಂಗಳೂರಿನ ಬೆಳ್ಳಂದೂರು ಕೆರೆಯು ಲೋಕಕ್ಕೆ ತೋರಿಸಿತು. ನಗರದ ಬಹುಭಾಗದ ಕೊಳಚೆಯು ಅನೇಕ ವರ್ಷ ಅಲ್ಲಿಗೆ ಹರಿದು, ಸಾಬೂನು ಪುಡಿಗಳ ನೊರೆಯು ಕೋಡಿಯಲ್ಲಿ ಧುಮುಕುವಾಗ ಬೆಟ್ಟದಂತೆದ್ದು ರಸ್ತೆಗೆ ಹಾರುತ್ತಿತ್ತು. ೨೦೧೫, ೨೦೧೭ ಮತ್ತು ೨೦೧೮ರಲ್ಲಿ ಅಲ್ಲಿ ಬೆಂಕಿಯೇ ಕಾಣಿಸಿಕೊಂಡಿತು. ನೀರಿಗೆ ಬೆಂಕಿ ಹತ್ತಿತೆಂಬ ಮಾತನ್ನು ನಮ್ಮ ಅಜ್ಜಿಯರು ಕೇಳಿದ್ದರೆ ನಂಬುತ್ತಿರಲಿಲ್ಲ.

ಇದಕ್ಕೆ ಪ್ರತಿಯಾಗಿ ನಲಿವಿನ ಉದಾಹರಣೆಗಳೂ ಇಲ್ಲದಿಲ್ಲ. ಜೌಗು ನೆಲಗಳ ರಕ್ಷಣೆಗಾಗಿ ೧೯೭೧ರಲ್ಲಿ ಇರಾನಿನ ರಾಮ್ಸಾರ್ ಪಟ್ಟಣದಲ್ಲಿ ಅನೇಕ ದೇಶಗಳು ಒಡಂಬಡಿಕೆ ಮಾಡಿಕೊಂಡುವು. ಆ ಒಡಂಬಡಿಕೆಯ ಪಟ್ಟಿಗೆ ನಮ್ಮ ರಂಗನತಿಟ್ಟು ೨೦೨೨ರಲ್ಲಿಯೂ, ಗದಗ ಜಿಲ್ಲೆಯ ಮಾಗಡಿ ಕೆರೆ ಮತ್ತು ವಿಜಯನಗರ ಜಿಲ್ಲೆಯ ಅಂಕಸಮುದ್ರ ೨೦೨೪ರಲ್ಲಿಯೂ ಸೇರಿದುವು. ಇವುಗಳಲ್ಲಿ ಕೊನೆಯ ಎರಡೂ ಮನುಷ್ಯರು ಬೇಸಾಯಕ್ಕಾಗಿ ಕಟ್ಟಿದ ಕೆರೆಗಳೇ. ಕಟ್ಟಿದ ಕೆರೆಯೂ ಕಾಲಕ್ರಮದಲ್ಲಿ ಪ್ರಕೃತಿಯ ಸೊತ್ತಾಗಬಲ್ಲುದೆಂಬುದಕ್ಕೆ ಬೇರೆ ನಿದರ್ಶನ ಬೇಕಿಲ್ಲ.

ಈಗ ಮರಳಿ ತಂಗಿಯ ಊರಿಗೆ ಬರುವೆನು. ನಾನು ಅಲ್ಲಿದ್ದಾಗಲೇ ಕೆರೆಯ ಕಾಮಗಾರಿಯ ವಿಚಾರವಾಗಿ ಅರಳಿಕಟ್ಟೆಯ ಬಳಿ ಒಂದು ಸಭೆ ಸೇರಿತ್ತು. ಕೆರೆಯನ್ನು ಯಂತ್ರದಿಂದ ಬಟ್ಟಲಿನಂತೆ ಆಳವಾಗಿ ತೋಡುವುದು, ಜೊಂಡನ್ನೆಲ್ಲ ಬೇರುಸಹಿತ ಕಿತ್ತುಹಾಕುವುದು, ಸುತ್ತಲೂ ಕಲ್ಲು ಕಟ್ಟಿ ನಡೆದಾಡುವ ದಾರಿಯನ್ನು ಮಾಡುವುದು ಎಂಬುದು ಬಂದವರ ಯೋಜನೆ. ನಕ್ಷೆಯು ಚೆಲುವಾಗಿತ್ತು. ಚರಂಡಿಯ ಮಾತು ಮಾತ್ರ ಅದರಲ್ಲಿ ಇರಲಿಲ್ಲ.

ಊರಿನ ನೀರುಗಂಟಿಯ ಮನೆತನದ ಹಿರಿಯರೊಬ್ಬರು ಎದ್ದು ನಿಂತು, “ಸ್ವಾಮಿ, ನಮ್ಮಪ್ಪನ ಕಾಲದಾಗೆ ಕೆರೆ ಬತ್ತಿದ ಮೇಲೆ ಊರೋರೆಲ್ಲ ಗಾಡಿ ಕಟ್ಟಿ ಗೋಡು ಹೊಡೀತಿದ್ರು. ಒಂದು ಮೊಳ ತೆಗೀತಿದ್ರು, ಅಷ್ಟೆ. ಕೆಳಗಿನ ಜೇಡಿ ಮುಟ್ಟಿದ್ರೆ ಕೆರೆ ನೀರು ನಿಲ್ಲಾಕಿಲ್ಲ ಅಂತ ಬೈತಿದ್ರು” ಎಂದರು. ಸಭೆಯಲ್ಲಿ ಕೆಲವರು ನಕ್ಕರು. ನನಗೆ ನಗುವು ಬರಲಿಲ್ಲ. ಇಡೀ ರಸಾಯನಶಾಸ್ತ್ರವು ಆ ಮೂರು ಮಾತಿನಲ್ಲಿ ಅಡಗಿತ್ತು.

ಅವರ ಮಾತನ್ನು ಬಿಡಿಸಿ ನೋಡಿರಿ. ಬೇಸಗೆಯಲ್ಲಿ ಕೆರೆಯು ಬತ್ತಿ ಅಂಗಳವು ಬಿರುಕುಬಿಟ್ಟಾಗ ಗಾಳಿಯು ಆಳಕ್ಕೆ ಇಳಿಯುವುದು. ಕಪ್ಪು ಕೆಸರು ಕಂದಾಗುವುದು. ಕರಗಿದ್ದ ಕಬ್ಬಿಣವು ಮತ್ತೆ ತುಕ್ಕಾಗುವುದು. ಕೊಳೆತು ಕೂಡಿದ್ದ ಕಸವು ಗಾಳಿಯ ಸಹಾಯದಿಂದ ಬೇಗನೆ ಜೀರ್ಣವಾಗುವುದು. ವರ್ಷಕ್ಕೊಮ್ಮೆ ಕೆರೆಯು ಉಸಿರನ್ನು ಒಳಗೆಳೆದುಕೊಳ್ಳುವುದೆಂದರೂ ಸಲ್ಲುವುದು. ಆದರೆ ಒಣಗಿದ ಮಾತ್ರಕ್ಕೆ ರಂಜಕವು ಮಾಯವಾಗದು. ಮೊದಲ ಮಳೆ ಬಿದ್ದಾಗ ಅದರಲ್ಲಿ ಸ್ವಲ್ಪ ಭಾಗವು ನೀರಿಗೂ ಬರುವುದುಂಟು. ಆ ರಂಜಕಕ್ಕೆ ಹೊರಗೆ ಹೋಗುವ ದಾರಿಯೆಂದರೆ ಊರಿನವರ ಗಾಡಿಗಳೇ. ಮೇಲಿನ ಹೊಲಗಳಿಂದ ಮಳೆಯು ಕೊಚ್ಚಿಕೊಂಡು ಬಂದ ಸಾರವನ್ನು ಗೋಡು ಮಣ್ಣಿನ ರೂಪದಲ್ಲಿ ಹೊಲಕ್ಕೇ ಹಿಂದಿರುಗಿಸುತ್ತಿದ್ದರು. ಹೊಲಕ್ಕೆ ಗೊಬ್ಬರ, ಕೆರೆಗೆ ಸಾಲ ತೀರುವಳಿ. ತಳದ ಜೇಡಿಯಾದರೋ ಕೆರೆಯ ಪಾತ್ರೆಯ ಕಲಾಯಿಯಿದ್ದಂತೆ. ಅದನ್ನು ಯಂತ್ರವು ಸೀಳಿದರೆ ನೀರು ಕೆಳಗಿನ ಮರಳಿಗೆ ಇಳಿದುಹೋಗುವುದು. ಬಟ್ಟಲಿನಂತೆ ಆಳವಾಗಿ ತೋಡಿದ ಗುಂಡಿಯ ತಳದಲ್ಲಿ ಬೆಚ್ಚನೆಯ ದಿನಗಳಲ್ಲಿ ಗಾಳಿಯ ಅಲೆಯೂ ಕಲಕದೆ, ಆಮ್ಲಜನಕವು ತಲಪದೆ, ಕಪ್ಪು ಕೆಸರು ವರ್ಷಪೂರ್ತಿ ಉಳಿಯುವುದು.

ನನಗೂ ಮಾತನಾಡಲು ಅವಕಾಶ ಕೊಟ್ಟುದರಿಂದ ನಾಲ್ಕು ಮಾತುಗಳನ್ನು ಹೇಳಿದೆನು. ಮೊದಲನೆಯದು, ಚರಂಡಿಯನ್ನು ತಿರುಗಿಸದೆ ಹೂಳೆತ್ತುವುದು, ಒಲೆಯನ್ನು ಆರಿಸದೆ ಉಕ್ಕುವ ಹಾಲನ್ನು ಸೌಟಿನಿಂದ ತೋಡಿದಂತೆ. ಎರಡನೆಯದು, ಹೂಳನ್ನು ಕೆರೆ ಬತ್ತಿದಾಗ ಮೇಲುಮೇಲಿನಿಂದ ತೆಗೆದು ಹೊಲಗಳಿಗೆ ಹಾಕಬೇಕು. ಆದರೆ ಚರಂಡಿಯ ಅಥವಾ ಕಾರ್ಖಾನೆಯ ನೀರನ್ನು ಕುಡಿದ ಕೆರೆಯ ಹೂಳಿನಲ್ಲಿ ಸೀಸ, ಕ್ಯಾಡ್ಮಿಯಮ್ ಮೊದಲಾದ ಲೋಹಗಳು ಸೇರಿರಬಹುದಾದುದರಿಂದ ಪ್ರಯೋಗಶಾಲೆಯಲ್ಲಿ ಪರೀಕ್ಷಿಸದೆ ತರಕಾರಿಯ ಮಡಿಗೆ ಹಾಕಬಾರದು. ಮೂರನೆಯದು, ನೀರು ಒಳಬರುವ ಕಡೆಯ ಅಂಚನ್ನು ಇಳಿಜಾರಾಗಿಯೇ ಬಿಟ್ಟು ಅಲ್ಲಿನ ಜೊಂಡನ್ನು ಉಳಿಸಬೇಕು. ನಾಲ್ಕನೆಯದು, ಉಳಿಸಿದ ಜೊಂಡನ್ನು ವರ್ಷಕ್ಕೊಮ್ಮೆ ಕೊಯ್ದು ಹೊರಗೆ ಸಾಗಿಸಬೇಕು; ಕೊಯ್ಯದೆ ಬಿಟ್ಟರೆ ಅದು ಅಲ್ಲಿಯೇ ಕೊಳೆತು, ಹೀರಿದ ರಂಜಕವನ್ನು ಮರಳಿ ಕೆರೆಗೇ ಕೊಡುವುದು. ಇಲ್ಲಿ ಒಂದು ಮಾತನ್ನು ಸೇರಿಸಬೇಕು. ಜೊಂಡು ಕೆರೆಯನ್ನೆಲ್ಲ ಮುಚ್ಚಿದರೆ ಅದೂ ಕೇಡೇ. ನೀರಿಗೆ ಬಯಲೂ ಬೇಕು, ಅಂಚಿಗೆ ಹಸುರೂ ಬೇಕು.

ಸಭೆಯು ಸಂಪೂರ್ಣವಾಗಿ ಒಪ್ಪಿತೆಂದು ಹೇಳಿದರೆ ಸುಳ್ಳಾಗುವುದು. ನಡೆದಾಡುವ ದಾರಿಯ ಮೇಲೆ ಹಲವರಿಗೆ ಆಸೆಯಿತ್ತು. ವಯಸ್ಸಾದವರು ಸಂಜೆ ನಡೆಯುವುದಕ್ಕೆ ಊರಿನಲ್ಲಿ ಬೇರೆ ಸ್ಥಳವೂ ಇಲ್ಲ. ಅವರ ಆಸೆಯು ತಪ್ಪೆಂದು ನಾನು ಹೇಳಲಾರೆ. ಕಡೆಗೆ ಏರಿಯ ಮೇಲೆ ದಾರಿಯನ್ನು ಮಾಡುವುದೆಂದೂ, ನೀರು ಬರುವ ಕಡೆಯ ಜೊಂಡನ್ನು ಸದ್ಯಕ್ಕೆ ಮುಟ್ಟುವುದಿಲ್ಲವೆಂದೂ ನಿಶ್ಚಯವಾಯಿತು. ಚರಂಡಿಯನ್ನು ಮೊದಲು ಒಂದು ಸಣ್ಣ ಜೊಂಡಿನ ಕುಂಟೆಗೆ ಹರಿಸಿ ಬಳಿಕ ಕೆರೆಗೆ ಬಿಡುವ ವಿಚಾರಕ್ಕೆ ಜಾಗವು ಯಾರದೆಂಬ ತಕರಾರು ಬಂದು ಅದು ಅಲ್ಲಿಗೇ ನಿಂತಿತು. ಇದನ್ನು ಬರೆಯುವ ಹೊತ್ತಿನಲ್ಲಿಯೂ ಚರಂಡಿಯು ಕೆರೆಗೇ ಹರಿಯುತ್ತಿದೆ.

ಸಭೆಗಳ ನಿರ್ಣಯವು ನಮ್ಮ ಕೈಯಲ್ಲಿಲ್ಲದಿದ್ದರೂ ಮನೆಯ ಬಚ್ಚಲು ನಮ್ಮ ಕೈಯಲ್ಲಿದೆ. ಒಗೆಯುವ ಪುಡಿಯನ್ನು ಹಿಡಿಯಿಂದ ಸುರಿಯದೆ ಅಳೆದು ಹಾಕಿದರೆ ಬಟ್ಟೆಯ ಬಿಳುಪೇನೂ ಕಡಿಮೆಯಾಗದು. ಹಿತ್ತಿಲಿದ್ದವರು ಬಚ್ಚಲಿನ ನೀರನ್ನು ಬಾಳೆ ಅಥವಾ ಕೆಸುವಿನ ಪಾತಿಗೆ ತಿರುಗಿಸಬಹುದು. ರಂಜಕವು ಕೆರೆಗೆ ಸಾಲವಾದರೂ ಬಾಳೆಗೆ ಊಟ. ಗಂಜಿ, ಎಣ್ಣೆಯ ಜಿಡ್ಡು, ಮುಸುರೆಗಳನ್ನು ಚರಂಡಿಗೆ ಚೆಲ್ಲದೆ ದನದ ಬಾನಿಗೋ ಗೊಬ್ಬರದ ಗುಂಡಿಗೋ ಹಾಕಿದರೆ ಅಷ್ಟರ ಮಟ್ಟಿಗೆ ಕೆರೆಯ ಉಸಿರು ಉಳಿಯುವುದು.

ಮಕ್ಕಳಿರುವ ಮನೆಯವರಿಗೆ ಒಂದು ಪ್ರಯೋಗವನ್ನು ಹೇಳುವೆನು. ಉದ್ದನೆಯ ಗಾಜಿನ ಜಾಡಿಯಲ್ಲಿ ಕೆರೆಯ ಕೆಸರನ್ನು ಮುಕ್ಕಾಲು ಪಾಲು ತುಂಬಿ, ಅದಕ್ಕೆ ಹರಿದ ಕಾಗದದ ಚೂರುಗಳನ್ನೂ ಚಿಟಿಕೆ ಜಿಪ್ಸಮ್ ಪುಡಿಯನ್ನೂ ಬೆರಸಿ, ಮೇಲೆ ಕೆರೆಯ ನೀರನ್ನು ಹಾಕಿ, ಬಾಯನ್ನು ಸಡಿಲವಾಗಿ ಮುಚ್ಚಿ, ಬೆಳಕಿರುವ ಕಿಟಕಿಯ ಬಳಿ ಇಡಿರಿ. ಕೆಲವು ವಾರಗಳಲ್ಲಿ ಕೆಸರಿನ ಒಳಗೆ ಕಪ್ಪು ಪಟ್ಟೆಯೂ, ಅದರ ಬಳಿ ಹಸುರು ಮತ್ತು ನೇರಳೆಯ ಬಣ್ಣಗಳೂ, ಮೇಲೆ ಕಂದು ಕೆನೆಯೂ ಮೂಡುವುವು. ಇದನ್ನು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ರಷ್ಯದ ವಿನೋಗ್ರಾಡ್‌ಸ್ಕಿಯು ರೂಢಿಗೆ ತಂದನು. ನಾನು ಮೇಲೆ ಹೇಳಿದ ಮೆಟ್ಟಿಲುಗಳನ್ನು ಕಣ್ಣಿನಿಂದಲೇ ಎಣಿಸಬಹುದು. ಕೆಸರನ್ನು ಮುಟ್ಟಿದ ಕೈಗಳನ್ನು ಸಾಬೂನಿನಿಂದ ತೊಳೆಯುವುದನ್ನು ಮರೆಯಬಾರದು. ಜಾಡಿಯ ಬಾಯನ್ನು ಬಿಗಿಯಾಗಿ ಮುಚ್ಚಲೂ ಬಾರದು.

ಇನ್ನು ಉಡಿದಾರದ ವಿಷಯ. ತಂಗಿಯು ಅದನ್ನು ವಿಭೂತಿಯಿಂದ ತಿಕ್ಕುವುದಕ್ಕೆ ಹೊರಟಿದ್ದಳು. ತಿಕ್ಕಿದರೆ ಹೊಳಪೇನೋ ಬರುವುದು. ಆದರೆ ಕಪ್ಪಾದ ಬೆಳ್ಳಿಯು ಉಜ್ಜಿಹೋಗಿ ತೂಕದಲ್ಲಿ ಅಷ್ಟು ನಷ್ಟ. ಅದಕ್ಕೆ ಬದಲು ಒಂದು ಹಳೆಯ ಅಲ್ಯೂಮಿನಿಯಮ್ ಪಾತ್ರೆಯಲ್ಲಿ ಕುದಿಯುವ ನೀರನ್ನು ಹಾಕಿಸಿ, ಎರಡು ಚಮಚ ಅಡಿಗೆ ಸೋಡವನ್ನು ಕರಗಿಸಿ, ಉಡಿದಾರವು ಪಾತ್ರೆಯ ತಳಕ್ಕೆ ತಾಗಿರುವಂತೆ ಇಡಿಸಿದೆನು. ಬೆಳ್ಳಿಯನ್ನು ಹಿಡಿದಿದ್ದ ಗಂಧಕವನ್ನು ಅಲ್ಯೂಮಿನಿಯಮ್ಮು ಬಿಡಿಸುವುದು. ಬೆಳ್ಳಿಯು ತನ್ನ ಸ್ಥಾನದಲ್ಲಿಯೇ ಉಳಿಯುವುದು. ಕೆಲವು ನಿಮಿಷಗಳಲ್ಲಿ ಕಪ್ಪು ಬಿಟ್ಟು ಬಿಳುಪು ಕಾಣಿಸಿತು. ಜೊತೆಗೆ ಪಾತ್ರೆಯಿಂದ ಸಣ್ಣಗೆ ಕೊಳೆತ ಮೊಟ್ಟೆಯ ವಾಸನೆಯೂ ಎದ್ದಿತು.

“ಮಾವ, ಇದು ಕೆರೆಯ ವಾಸನೆಯೇ ಅಲ್ಲವೆ?” ಎಂದು ಹುಡುಗನು ಮೂಗು ಮುಚ್ಚಿಕೊಂಡು ಕೇಳಿದನು.

“ಅಹುದು. ಆದರೆ ಕೆರೆಗೆ ಅದು ಹೋದದ್ದು ಈ ಮನೆಯಿಂದಲೇ” ಎಂದೆನು.

ತಂಗಿಯು ಮಾತನಾಡಲಿಲ್ಲ. ಆದರೆ ಮರುದಿನ ಬೆಳಿಗ್ಗೆ ಬಚ್ಚಲಿನ ಮೋರಿಯಿಂದ ಹಿತ್ತಿಲ ಬಾಳೆಯ ಬುಡದವರೆಗೆ ಒಂದು ಸಣ್ಣ ಕಾಲುವೆಯನ್ನು ತೋಡಿಸುತ್ತಿದ್ದಳು. ಗುದ್ದಲಿ ಹಿಡಿದವನು ಉಡಿದಾರದ ಒಡೆಯನೇ.